ಹಣ ತೆತ್ತ ಗಿರಾಕಿಯ ಗುರುತು ಮರೆಯುವ ತಂತ್ರಾಂಶ

ಧ್ವನಿಮುದ್ರಣ ಉದ್ಯಮದ ಅನುಭವದಲ್ಲಿ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ಪ್ರಸ್ತುತವಾದ ಸಂಗತಿಗಳು

ಅಂಗಡಿಯ ಒಂದು ಮೂಲೆಯಲ್ಲಿದ್ದ ತಕ್ಕಡಿಯನ್ನು ಇನ್ನೊಂದು ಮೂಲೆಗೆ ಸರಿಸಿದ ಮಾತ್ರಕ್ಕೆ ಅದು ತೂಗಲು ಒಪ್ಪದಿದ್ದರೆ, ವರ್ತಕನು ಅದೇ ದಿನ ಮಾರಿದವನ ಬಾಗಿಲಿಗೆ ಹೋಗಿ ನಿಲ್ಲುವುದು ಖಂಡಿತ. ತಂತ್ರಾಂಶದ ವ್ಯವಹಾರದಲ್ಲಿ ಮಾತ್ರ ಇಂತಹ ನಿರಾಕರಣೆಯನ್ನು ಗಿರಾಕಿಗಳು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಸಹಿಸಿಕೊಂಡು ಬಂದಿದ್ದಾರೆ. ಸುಟ್ಟುಹೋದ ಮದರ್‌ಬೋರ್ಡಿಗೆ ಬದಲಾಗಿ ಹೊಸದನ್ನು ಹಾಕಿಸಲಾಗುತ್ತದೆ, ಅಷ್ಟೇ. ಮರುದಿನ ಬೆಳಿಗ್ಗೆ ತಂತ್ರಾಂಶವು ಈ ಯಂತ್ರಕ್ಕೆ ಪರವಾನಗಿ ಇಲ್ಲವೆಂದು ಘೋಷಿಸುತ್ತದೆ. ಹಣ ಸಂದಾಯವಾದ ಬಿಲ್ಲು ಕಡತದಲ್ಲಿ ಭದ್ರವಾಗಿದ್ದರೂ ಕೆಲಸ ನಿಂತಿರುತ್ತದೆ.

ಈ ತೊಡಕನ್ನು ಸಂಗೀತ ಪ್ರೊಡ್ಯೂಸರ್‌ಗಳಷ್ಟು ಅನುಭವಿಸಿದ ವೃತ್ತಿಯವರು ವಿರಳ. ಪ್ರೊಡ್ಯೂಸರ್ ಎಂದರೆ ಇಲ್ಲಿ ಚಲನಚಿತ್ರಕ್ಕೆ ಬಂಡವಾಳ ಹೂಡುವ ನಿರ್ಮಾಪಕನೆಂದು ಭಾವಿಸಬಾರದು. ವಾದ್ಯಗಳನ್ನು ಮುದ್ರಿಸಿಕೊಂಡು, ಕಂಪ್ಯೂಟರಿನಲ್ಲಿ ಜೋಡಿಸಿ, ಹದಗೊಳಿಸಿ, ಪೂರ್ಣ ಹಾಡನ್ನು ಗಿರಾಕಿಯ ಕೈಗೆ ಒಪ್ಪಿಸುವ ಕುಶಲಕರ್ಮಿ ಇವನು. ಇವನ ಕಾರ್ಯಾಗಾರವು ಒಂದು ಮುಖ್ಯ ತಂತ್ರಾಂಶ ಮತ್ತು ಅದಕ್ಕೆ ಜೋಡಿಸಿದ ಹತ್ತಾರು ಪ್ಲಗ್-ಇನ್‌ಗಳಿಂದ ಕೂಡಿರುತ್ತದೆ. ಪ್ರತಿಧ್ವನಿ ನೀಡುವುದು ಒಂದು ಕಂಪನಿಯದಾದರೆ ಪಿಯಾನೋ ನುಡಿಸುವುದು ಇನ್ನೊಂದರದು, ಧ್ವನಿಯ ಏರಿಳಿತವನ್ನು ಸಮಗೊಳಿಸುವುದು ಮತ್ತೊಂದರದು. ಪ್ರತಿಯೊಂದು ಕಂಪನಿಗೂ ತನ್ನದೇ ಆದ ಬೀಗವಿದೆ. ಹತ್ತು ಮಂದಿ ಬೇರೆ ಬೇರೆ ಮಾಲೀಕರಿಂದ ಬಾಡಿಗೆಗೆ ಪಡೆದ ಹತ್ತು ಕೋಣೆಗಳಲ್ಲಿ ಒಂದೇ ಕಾರ್ಖಾನೆಯನ್ನು ನಡೆಸಿದಂತೆ ಇವನ ಪರಿಸ್ಥಿತಿ.

ಯಂತ್ರದ ಗುರುತು ಹಿಡಿಯುವ ಬಗೆ

ತಂತ್ರಾಂಶದ ನಕಲು ತಡೆಯಲು ಉತ್ಪಾದಕರು ಬಳಸುವ ಮಾರ್ಗಗಳು ಮುಖ್ಯವಾಗಿ ಎರಡು. ಮೊದಲನೆಯದು ಡಾಂಗಲ್. ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಈ ಪುಟ್ಟ ಸಾಧನದೊಳಗೆ ಪರವಾನಗಿ ಅಡಗಿರುತ್ತದೆ. ಡಾಂಗಲ್ ಯಾವ ಕಂಪ್ಯೂಟರಿನಲ್ಲಿದೆಯೋ ಅಲ್ಲಿ ತಂತ್ರಾಂಶ ನಡೆಯುತ್ತದೆ. ಎರಡನೆಯದರಲ್ಲಿ ಕಂಪ್ಯೂಟರನ್ನೇ ಬೀಗದ ಕೈಯಾಗಿ ಮಾಡಲಾಗುತ್ತದೆ. ತಂತ್ರಾಂಶವು ಯಂತ್ರದ ಬಿಡಿಭಾಗಗಳನ್ನು ಓದಿ, ಅವುಗಳಿಂದ ಒಂದು ಸಂಖ್ಯೆಯನ್ನು ಹೊಸೆದು, ಅದನ್ನು ಕಂಪನಿಯ ಸರ್ವರಿನಲ್ಲಿ ದಾಖಲಿಸುತ್ತದೆ. ಮುಂದೆ ಪರೀಕ್ಷಿಸಿದಾಗಲೆಲ್ಲ ಅದೇ ಸಂಖ್ಯೆ ಬರಬೇಕು.

ಈ ಎರಡನೆಯ ಪದ್ಧತಿಯನ್ನು ಜನಸಾಮಾನ್ಯರಿಗೆ ಪರಿಚಯಿಸಿದ್ದು 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ. ಅದು ಯಂತ್ರದ ಹತ್ತು ಲಕ್ಷಣಗಳನ್ನು ಗಮನಿಸುತ್ತಿತ್ತು. ಪ್ರೊಸೆಸರ್, ಮೆಮೊರಿಯ ಪ್ರಮಾಣ, ಹಾರ್ಡ್ ಡಿಸ್ಕ್, ಸಿ.ಡಿ. ಡ್ರೈವ್, ನೆಟ್‌ವರ್ಕ್ ಕಾರ್ಡ್ ಇವೆಲ್ಲ ಆ ಪಟ್ಟಿಯಲ್ಲಿದ್ದವು. ಒಂದೆರಡು ಬದಲಾದರೆ ಸಹಿಸಿಕೊಂಡು, ಹಲವು ಬದಲಾದರೆ ಇದು ಬೇರೆ ಯಂತ್ರವೆಂದು ಅದು ತೀರ್ಮಾನಿಸುತ್ತಿತ್ತು. ನೆಟ್‌ವರ್ಕ್ ಕಾರ್ಡಿಗೆ ಉಳಿದವುಗಳಿಗಿಂತ ಹೆಚ್ಚಿನ ತೂಕ ನೀಡಲಾಗಿತ್ತು. ಇಷ್ಟರಮಟ್ಟಿಗೆ ಅದು ಉದಾರವಾದ ಏರ್ಪಾಡೆಂದೇ ಹೇಳಬೇಕು. ಸಣ್ಣ ಕಂಪನಿಗಳ ಪ್ಲಗ್-ಇನ್‌ಗಳಲ್ಲಿ ಇಂತಹ ಸೈರಣೆಯನ್ನು ಯಾವಾಗಲೂ ನಿರೀಕ್ಷಿಸುವಂತಿಲ್ಲ.

ಯಂತ್ರವೇನೋ ಅದೇ, ಅದರ ಲಕ್ಷಣಗಳು ಮಾತ್ರ ಸ್ಥಿರವಲ್ಲ. ತೊಡಕಿನ ಬೇರು ಇಲ್ಲಿದೆ. ಡಿಸ್ಕಿನ ವಾಲ್ಯೂಮ್ ಸಂಖ್ಯೆ ಎಂಬುದು ಫಾರ್ಮ್ಯಾಟ್ ಮಾಡಿದಾಗಲೆಲ್ಲ ಹೊಸದಾಗಿ ಹುಟ್ಟುತ್ತದೆ. ಲ್ಯಾಪ್‌ಟಾಪನ್ನು ತಂತಿಯ ಮೂಲಕ ಜಾಲಕ್ಕೆ ಸೇರಿಸಿದಾಗ ಕಾಣುವ ವಿಳಾಸ ಬೇರೆ, ವೈ-ಫೈ ಮೂಲಕ ಸೇರಿಸಿದಾಗ ಕಾಣುವುದು ಬೇರೆ. ರಿಪೇರಿಯಲ್ಲಿ ಮದರ್‌ಬೋರ್ಡ್ ಬದಲಾದರೆ ಹೊರಗಿನ ಪೆಟ್ಟಿಗೆ, ಪರದೆ, ಕೀಲಿಮಣೆ ಎಲ್ಲ ಹಳೆಯವೇ ಆಗಿದ್ದರೂ ತಂತ್ರಾಂಶದ ದೃಷ್ಟಿಯಲ್ಲಿ ಯಂತ್ರ ಹೊಸದು. ಹಳೆಯ ಯಂತ್ರದ ಹೆಸರಿನಲ್ಲಿದ್ದ ಪರವಾನಗಿಯು ಸರ್ವರಿನ ಪುಸ್ತಕದಲ್ಲಿ ಹಾಗೆಯೇ ಉಳಿದುಕೊಂಡಿರುತ್ತದೆ. ಅದನ್ನು ಬಿಡಿಸಿಕೊಳ್ಳಲು ಹಳೆಯ ಯಂತ್ರವೇ ಬಂದು ಒಪ್ಪಿಗೆ ನೀಡಬೇಕು. ಆ ಯಂತ್ರವಾದರೋ ಈಗ ಎಲ್ಲಿಯೂ ಇಲ್ಲ.

ಲೆಕ್ಕ ಬರೆಯುವ ಗುಮಾಸ್ತರಿಗೆ ಈ ಮಾತು ಹೊಸದೇನಲ್ಲ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವ ಮುನ್ನ ಬೆಂಗಳೂರಿನ ಟ್ಯಾಲಿ ಸಂಸ್ಥೆಯ ತಂತ್ರಾಂಶದ ಲೈಸೆನ್ಸನ್ನು ‘ಸರೆಂಡರ್’ ಮಾಡಬೇಕೆಂಬುದನ್ನು ಅವರು ಬಲ್ಲರು. ಅಲ್ಲಿ ನೋಡಿಕೊಳ್ಳಬೇಕಾದ ಲೈಸೆನ್ಸ್ ಒಂದೇ. ಧ್ವನಿಮುದ್ರಣ ಕೇಂದ್ರದಲ್ಲಿ ಅದೇ ಕ್ರಿಯೆಯನ್ನು ಹತ್ತಾರು ಕಂಪನಿಗಳೊಂದಿಗೆ, ಹತ್ತಾರು ಪಾಸ್‌ವರ್ಡುಗಳೊಂದಿಗೆ ನಡೆಸಬೇಕು. ಡಿಸ್ಕ್ ಇದ್ದಕ್ಕಿದ್ದಂತೆ ಸತ್ತುಹೋದರೆ ಸರೆಂಡರ್ ಮಾಡಲು ಅವಕಾಶವೂ ಇರುವುದಿಲ್ಲ.

ನಷ್ಟದ ಸ್ವರೂಪ

ಮುಖ್ಯ ತಂತ್ರಾಂಶ ತೆರೆಯದಿದ್ದರೆ ಸ್ಟುಡಿಯೋದ ಆ ದಿನದ ಬಾಡಿಗೆಯೂ ಕಲಾವಿದರ ಸಂಭಾವನೆಯೂ ವ್ಯರ್ಥ. ಇದಕ್ಕಿಂತ ಸೂಕ್ಷ್ಮವಾದ ನಷ್ಟ ಇನ್ನೊಂದಿದೆ. ಮೂರು ವರ್ಷದ ಹಿಂದೆ ಮುಗಿಸಿಕೊಟ್ಟ ಜಾಹೀರಾತು ಗೀತೆಯಲ್ಲಿ ಒಂದು ಸಾಲನ್ನು ಬದಲಿಸಬೇಕೆಂದು ಗಿರಾಕಿ ಮರಳಿ ಬರುತ್ತಾನೆ. ಹಳೆಯ ಕಡತ ತೆರೆಯುತ್ತದೆ, ಆದರೆ ಪರವಾನಗಿ ಕಳೆದುಕೊಂಡ ಪ್ಲಗ್-ಇನ್ ಇದ್ದ ಜಾಗ ಖಾಲಿ. ಅಂದಿನ ಧ್ವನಿಯನ್ನು ಇನ್ನೊಂದು ಉಪಕರಣದಿಂದ ಯಥಾವತ್ತಾಗಿ ತರಲಾಗದು. ಐದು ನಿಮಿಷದ ತಿದ್ದುಪಡಿಯು ಇಡೀ ಗೀತೆಯನ್ನು ಮರುನಿರ್ಮಿಸುವ ಕೆಲಸವಾಗಿ ಪರಿಣಮಿಸುತ್ತದೆ. ಇದರ ವೆಚ್ಚವನ್ನು ಗಿರಾಕಿಯಿಂದ ಕೇಳುವಂತೆಯೂ ಇಲ್ಲ.

ಗಿರಾಕಿಯ ಯಂತ್ರ ಕೆಡದೆಯೂ ಸರ್ವರ್ ಕೈಕೊಡಬಹುದು. 2007ರ ಆಗಸ್ಟ್ 24 ಮತ್ತು 25ರಂದು ಮೈಕ್ರೋಸಾಫ್ಟಿನ ದೃಢೀಕರಣ ವ್ಯವಸ್ಥೆ ಕೆಟ್ಟು, ಸಾಚಾ ವಿಂಡೋಸ್ ಹೊಂದಿದವರನ್ನೇ ಖೋಟಾ ಬಳಕೆದಾರರೆಂದು ತೋರಿಸಿತು. ಹೀಗೆ ತೊಂದರೆಗೊಳಗಾದ ಯಂತ್ರಗಳು 12,000ಕ್ಕಿಂತ ಕಡಿಮೆ ಎಂದು ಕಂಪನಿ ತಿಳಿಸಿತು. ಸಂಗೀತ ಕ್ಷೇತ್ರದಲ್ಲಿ ಇದರ ಪ್ರತಿರೂಪ ಕಂಡದ್ದು 2013ರ ಜೂನ್‌ನಲ್ಲಿ. ಆವಿಡ್ ಕಂಪನಿಯ ಪ್ರೋ ಟೂಲ್ಸ್ ಸೇರಿದಂತೆ ಅನೇಕ ವೃತ್ತಿಪರ ತಂತ್ರಾಂಶಗಳು ಅಮೆರಿಕದ ಪೇಸ್ ಸಂಸ್ಥೆಯ ‘ಐಲಾಕ್’ ಎಂಬ ಬೀಗವನ್ನು ಅವಲಂಬಿಸಿದ್ದವು. 2010ರ ಪ್ರೋ ಟೂಲ್ಸ್ 9ನೇ ಆವೃತ್ತಿಯಿಂದ ನಿರ್ದಿಷ್ಟ ಧ್ವನಿ ಸಾಧನಗಳನ್ನೇ ಕೊಳ್ಳಬೇಕೆಂಬ ನಿಬಂಧನೆ ಸಡಿಲಗೊಂಡಿತ್ತಾದರೂ ಐಲಾಕ್ ಬೇಕೇ ಬೇಕಿತ್ತು. ಪೇಸ್ ಸಂಸ್ಥೆ ತನ್ನ ಹಳೆಯ ವ್ಯವಸ್ಥೆಯನ್ನು ತೆಗೆದು ಹೊಸ ಲೈಸೆನ್ಸ್ ಮ್ಯಾನೇಜರನ್ನು ಜಾರಿಗೆ ತಂದಾಗ ಸರ್ವರುಗಳು ತತ್ತರಿಸಿದವು. ಹಲವರು ದಿನಗಟ್ಟಲೆ ತಮ್ಮದೇ ಪರವಾನಗಿಗಳನ್ನು ತಲುಪಲಾರದೆ ಹೋದರು. ಅವರು ಯಾವ ನಿಯಮವನ್ನೂ ಮೀರಿದವರಲ್ಲ.

ಡಾಂಗಲ್ ಕಳೆದರೆ ಅಥವಾ ಮುರಿದರೆ ತಾತ್ಕಾಲಿಕ ಪರವಾನಗಿ ನೀಡುವ ಒಂದು ರಕ್ಷಣೆಯನ್ನು ಇದೇ ಪೇಸ್ ಸಂಸ್ಥೆ ವಾರ್ಷಿಕ ಶುಲ್ಕಕ್ಕೆ ಮಾರುತ್ತದೆ. ಬೀಗ ಹಾಕಿದವನೇ ಬೀಗದ ವಿಮೆಯನ್ನೂ ಮಾರುವ ಈ ವ್ಯಾಪಾರ ಜಾಣ್ಮೆಯನ್ನು ಮೆಚ್ಚಲೇಬೇಕು!

ಬೀಗವೇ ನಿವೃತ್ತಿಯಾದಾಗ

ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿಯ ಉದಾಹರಣೆ ಇನ್ನೂ ಗಂಭೀರವಾದುದು. ಅದರ ಕ್ಯೂಬೇಸ್ ತಂತ್ರಾಂಶ ದೀರ್ಘಕಾಲ ‘ಇಲೈಸೆನ್ಸರ್’ ಎಂಬ ಡಾಂಗಲ್ ಪದ್ಧತಿಯಲ್ಲಿ ಮಾರಾಟವಾಯಿತು. ಅಗ್ಗದ ಆವೃತ್ತಿಗಳಿಗೆ ಡಾಂಗಲ್ ಬದಲು ಕಂಪ್ಯೂಟರಿಗೇ ಅಂಟಿಕೊಂಡ ಪರವಾನಗಿ ದೊರೆಯುತ್ತಿತ್ತು. 2022ರಲ್ಲಿ ಕಂಪನಿ ಡಾಂಗಲ್ ಇಲ್ಲದ ಹೊಸ ಪದ್ಧತಿಗೆ ತಿರುಗಿ, ಒಂದು ಪರವಾನಗಿಯನ್ನು ಮೂರು ಕಂಪ್ಯೂಟರುಗಳಲ್ಲಿ ಬಳಸಲು ಅವಕಾಶ ನೀಡಿತು. ಬಳಕೆದಾರರು ಇದನ್ನು ಸ್ವಾಗತಿಸಿದರು. ಆದರೆ ಹಳೆಯ ಇಲೈಸೆನ್ಸರ್ ಸೇವೆಯನ್ನು 2025ರ ಮೇ 20ರಂದು ಕೊನೆಗೊಳಿಸಲಾಯಿತು. ಹಳೆಯ ಆವೃತ್ತಿಯಲ್ಲೇ ತೃಪ್ತನಾಗಿದ್ದ ಗಿರಾಕಿಗೆ ಅವನ ಡಾಂಗಲ್ ಅಥವಾ ಕಂಪ್ಯೂಟರ್ ಇರುವಷ್ಟು ಕಾಲ ಕೆಲಸ ನಡೆದೀತು. ಅದು ಕೆಟ್ಟ ದಿನ ಪರವಾನಗಿಯನ್ನು ಮತ್ತೊಂದಕ್ಕೆ ವರ್ಗಾಯಿಸಿಕೊಡುವವರು ಯಾರೂ ಇಲ್ಲ. ಶಾಶ್ವತ ಪರವಾನಗಿ ಎಂದು ಮಾರಿದ ಸರಕಿನ ಆಯುಸ್ಸು ಒಂದು ಕಂಪ್ಯೂಟರಿನ ಆಯುಸ್ಸಿಗೆ ಸಮನಾಯಿತು.

ಇಷ್ಟೆಲ್ಲ ಕಾವಲು ಇದ್ದೂ ಕ್ಯೂಬೇಸ್‌ನ ಹಿಂದಿನ ಆವೃತ್ತಿಯೊಂದರ ಡಾಂಗಲ್ ರಕ್ಷಣೆಯನ್ನು ನಕಲು ಮಾಡುವವರು ಮುರಿದಿದ್ದರು. ಡಾಂಗಲ್ ಕಳೆಯುವ ಭಯವಾಗಲಿ, ಸರ್ವರಿನ ಹಂಗಾಗಲಿ ಅವರಿಗಿರಲಿಲ್ಲ. ಬೀಗದ ತೊಂದರೆಯೆಲ್ಲ ಹಣ ಕೊಟ್ಟವನ ಪಾಲಿಗೇ ಬಂದಿತು.

ಉತ್ಪಾದಕರ ಪಕ್ಷವನ್ನೂ ಪರಿಶೀಲಿಸುವುದು ನ್ಯಾಯ. ಕೆಲವೇ ಮಂದಿ ಎಂಜಿನಿಯರುಗಳ ಸಣ್ಣ ಕಂಪನಿಯೊಂದು ವರ್ಷಗಟ್ಟಲೆ ದುಡಿದು ಹೊರತಂದ ಪ್ಲಗ್-ಇನ್ ಮರುದಿನವೇ ಪುಕ್ಕಟೆಯಾಗಿ ಹಂಚಿಕೆಯಾದರೆ ಅದರ ಬಂಡವಾಳ ಮುಳುಗುತ್ತದೆ. ಆದ್ದರಿಂದ ಬೀಗ ಬೇಡವೇ ಬೇಡವೆನ್ನುವುದು ಸುಲಭವಲ್ಲ. ಆದರೂ ಬೀಗವನ್ನು ಸಡಿಲಿಸಿ ವ್ಯಾಪಾರ ನಡೆಸಿದವರಿದ್ದಾರೆ. ಆಪಲ್ ಕಂಪನಿ 2002ರಲ್ಲಿ ಜರ್ಮನಿಯ ಎಮ್ಯಾಜಿಕ್ ಸಂಸ್ಥೆಯನ್ನು ಕೊಂಡು, 2007ರಲ್ಲಿ ಅದರ ಲಾಜಿಕ್ ತಂತ್ರಾಂಶದ ಡಾಂಗಲನ್ನು ಕೈಬಿಟ್ಟಿತು. ಬೆಲೆಯನ್ನೂ 999 ಡಾಲರಿನಿಂದ 499ಕ್ಕೆ ಇಳಿಸಿತು. ಲಾಜಿಕ್ ನಡೆಸಲು ಆಪಲ್‌ನ ಕಂಪ್ಯೂಟರನ್ನೇ ಕೊಳ್ಳಬೇಕಾದುದರಿಂದ ಈ ಔದಾರ್ಯ ಅದಕ್ಕೆ ಸಾಧ್ಯವಾಯಿತು ಎಂಬುದನ್ನು ಮರೆಯುವಂತಿಲ್ಲ. ಹಾಗೆ ಮಾರಲು ಯಂತ್ರವಿಲ್ಲದ ಕಾಕೋಸ್ ಎಂಬ ಸಣ್ಣ ಕಂಪನಿ ತನ್ನ ‘ರೀಪರ್’ ತಂತ್ರಾಂಶಕ್ಕೆ ಕೇವಲ ಒಂದು ಕೀಲಿ ಕಡತವನ್ನು ನೀಡುತ್ತದೆ. ಯಂತ್ರದ ಗುರುತಿನ ಗೊಡವೆಯೇ ಅದಕ್ಕಿಲ್ಲ. ಸಣ್ಣ ಬಳಕೆದಾರರಿಗೆ 60 ಡಾಲರ್, ದೊಡ್ಡ ವಾಣಿಜ್ಯ ಬಳಕೆಗೆ 225 ಡಾಲರ್ ದರವಿಟ್ಟು ಕಂಪನಿ ಮುಂದುವರಿದಿದೆ.

ಭಾರತದ ಕಾನೂನು

ಕಂಪ್ಯೂಟರ್ ತಂತ್ರಾಂಶದ ಪ್ರತಿಯನ್ನು ನ್ಯಾಯಬದ್ಧವಾಗಿ ಹೊಂದಿದವನು ನಷ್ಟ ಅಥವಾ ಹಾನಿಯಿಂದ ರಕ್ಷಣೆಗಾಗಿ ಮೀಸಲು ಪ್ರತಿ ಮಾಡಿಟ್ಟುಕೊಳ್ಳಲು 1957ರ ಕೃತಿಸ್ವಾಮ್ಯ ಅಧಿನಿಯಮದ ಕಲಂ 52(1)(ಎಎ) ಅವಕಾಶ ನೀಡುತ್ತದೆ. ಆದರೆ ಯಂತ್ರಕ್ಕೆ ಅಂಟಿದ ಪರವಾನಗಿಯ ಕಾಲದಲ್ಲಿ ಮೀಸಲು ಪ್ರತಿ ಇದ್ದರೂ ಅದು ತೆರೆಯದು. ಬೀಗ ಮುರಿಯುವ ವಿಷಯದಲ್ಲಿ 2012ರ ತಿದ್ದುಪಡಿಯಿಂದ ಸೇರಿದ ಕಲಂ 65ಎ ಎಚ್ಚರಿಕೆಯಿಂದ ಓದತಕ್ಕದ್ದು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವನಿಗೆ ಎರಡು ವರ್ಷದವರೆಗೆ ಕಾರಾಗೃಹವಾಸ ಮತ್ತು ದಂಡವನ್ನು ಅದು ವಿಧಿಸುತ್ತದೆ. ಇಲ್ಲಿ ಉದ್ದೇಶ ಎಂಬ ಪದಕ್ಕೆ ತೂಕವಿದೆ. ಹಾಗೆಂದು ಪರವಾನಗಿ ಸಿಗದ ಕೋಪದಲ್ಲಿ ಕಳ್ಳ ಪ್ರತಿಯನ್ನು ಹಾಕಿಸಿಕೊಳ್ಳುವುದು ತರವಲ್ಲ. ಉಲ್ಲಂಘನೆಯ ಪ್ರತಿಯೆಂದು ತಿಳಿದೂ ವ್ಯಾಪಾರದಲ್ಲಿ ಬಳಸಿದರೆ ಕಲಂ 63ಬಿ ಪ್ರಕಾರ ಏಳು ದಿನದಿಂದ ಮೂರು ವರ್ಷದವರೆಗೆ ಸಜೆ, 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡವಿದೆ. ಕಂಪನಿಗೆ ಲಿಖಿತವಾಗಿ ದೂರು ನೀಡಿ, ಉತ್ತರವನ್ನು ಕಾದಿರಿಸಿಕೊಳ್ಳುವುದೇ ಕ್ಷೇಮ.

ಕೊಳ್ಳುವ ಮುನ್ನ, ಕೊಂಡ ನಂತರ

ವಿನ್ಯಾಸದ ಕ್ಯಾಡ್ ತಂತ್ರಾಂಶವನ್ನೋ ಕಸೂತಿ ಯಂತ್ರದ ತಂತ್ರಾಂಶವನ್ನೋ ನೆಚ್ಚಿಕೊಂಡ ಸಣ್ಣ ಘಟಕಗಳ ಸ್ಥಿತಿ ಧ್ವನಿಮುದ್ರಣ ಕೇಂದ್ರಕ್ಕಿಂತ ಬಹಳ ಬೇರೆಯೇನಲ್ಲ. ಬೆಲೆ ಕೇಳುವಾಗಲೇ ಮಾರಾಟಗಾರನನ್ನು ಕೇಳಬೇಕಾದ ಪ್ರಶ್ನೆಗಳಿವೆ: ಎಷ್ಟು ಯಂತ್ರಗಳಲ್ಲಿ ಬಳಸಬಹುದು, ಯಂತ್ರ ಹಠಾತ್ತನೆ ಕೆಟ್ಟರೆ ಪರವಾನಗಿಯನ್ನು ಬಿಡಿಸಿಕೊಡುವವರು ಯಾರು, ಅದಕ್ಕೆ ಎಷ್ಟು ದಿನ ಹಿಡಿಯುತ್ತದೆ, ಇಂಟರ್‌ನೆಟ್ ಇಲ್ಲದಿದ್ದರೆ ತಂತ್ರಾಂಶ ಎಷ್ಟು ಕಾಲ ನಡೆಯುತ್ತದೆ. ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ಕೊಟೇಶನ್ನಿನಲ್ಲಿಯೇ ಬರೆಸಿಕೊಳ್ಳಬೇಕು. ಖರೀದಿಯನ್ನು ಸಂಸ್ಥೆಯ ಹೆಸರಿನ ಇ-ಮೇಲ್ ವಿಳಾಸದಿಂದ ನೋಂದಾಯಿಸುವುದು ಅಗತ್ಯ. ಕೆಲಸ ಬಿಟ್ಟುಹೋದ ಆಪರೇಟರನ ಖಾಸಗಿ ವಿಳಾಸದಲ್ಲಿ ಪರವಾನಗಿ ಸಿಕ್ಕಿಕೊಂಡ ಸಂದರ್ಭಗಳು ಅಪರೂಪವಲ್ಲ.

ಯಂತ್ರವನ್ನು ರಿಪೇರಿಗೆ ಕಳುಹಿಸುವ ಮುನ್ನ, ಅದು ಇನ್ನೂ ಚಾಲೂ ಸ್ಥಿತಿಯಲ್ಲಿದ್ದರೆ, ಎಲ್ಲ ಪರವಾನಗಿಗಳನ್ನೂ ಸರೆಂಡರ್ ಮಾಡತಕ್ಕದ್ದು. ಸ್ಟುಡಿಯೋಗಳಲ್ಲಿ ಅನುಭವಿಗಳು ಇನ್ನೊಂದು ಕ್ರಮವನ್ನು ಪಾಲಿಸುತ್ತಾರೆ. ಹಾಡು ಮುಗಿದ ದಿನವೇ ಪ್ರತಿಯೊಂದು ವಾದ್ಯವನ್ನೂ ಅದರ ಸಂಸ್ಕರಣೆಯ ಸಮೇತ ಸಾಮಾನ್ಯ ವೇವ್ ಕಡತವಾಗಿ ಪ್ರತ್ಯೇಕವಾಗಿ ಉಳಿಸಿ, ಎರಡು ಡಿಸ್ಕುಗಳಲ್ಲಿ ಇಡುತ್ತಾರೆ. ಆಗ ಮೂರು ವರ್ಷದ ನಂತರ ಗಿರಾಕಿ ಬಂದರೆ ಯಾವ ಪ್ಲಗ್-ಇನ್ನಿನ ಪರವಾನಗಿಯೂ ಬೇಕಾಗುವುದಿಲ್ಲ. ಕ್ಯಾಡ್ ನಕ್ಷೆಗಳನ್ನು ಮೂಲ ಕಡತದ ಜೊತೆಗೆ ಡಿಎಕ್ಸ್‌ಎಫ್ ಅಥವಾ ಸ್ಟೆಪ್ ರೂಪದಲ್ಲಿ, ವರ್ಷಾಂತ್ಯದ ಲೆಕ್ಕಪತ್ರಗಳನ್ನು ಪಿಡಿಎಫ್ ಮತ್ತು ಎಕ್ಸೆಲ್ ರೂಪದಲ್ಲಿ ಇದೇ ರೀತಿ ತೆಗೆದಿರಿಸಬಹುದು. ಈ ಕೆಲಸಕ್ಕೆ ತಗಲುವುದು ಪ್ರತಿ ಆರ್ಡರಿನ ಕೊನೆಯಲ್ಲಿ ಅರ್ಧ ಗಂಟೆ ಮತ್ತು ಒಂದು ಹೆಚ್ಚುವರಿ ಡಿಸ್ಕು.