ಈಗ ಎಷ್ಟನೆಯ ಪುಟ?

ಓದುಗರಿಬ್ಬರು ಎದುರಾದಾಗ ಕೇಳಿಕೊಳ್ಳುವ ಪ್ರಶ್ನೆಗಳು ಎರಡು. ‘ಆ ಕಾದಂಬರಿ ಓದಿದ್ದೀರಾ?’ ಎಂಬುದು ಒಂದು. ‘ಈಗ ಏನು ಓದುತ್ತಿದ್ದೀರಿ?’ ಎಂಬುದು ಇನ್ನೊಂದು. ಮೇಲುನೋಟಕ್ಕೆ ಎರಡೂ ಒಂದೇ ಎನ್ನಿಸಬಹುದು. ಆದರೆ ಮೊದಲನೆಯದರಲ್ಲಿ ಪರೀಕ್ಷಕನ ದನಿಯಿದೆ. ಅದಕ್ಕೆ ಉತ್ತರ ಕೊಡುವವನು ಪೂರ್ತಿ ಓದಿ, ಅರಗಿಸಿಕೊಂಡು, ಒಂದು ತೀರ್ಮಾನವನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿರಬೇಕು. ಎರಡನೆಯದು ದಾರಿಯಲ್ಲಿ ಸಿಕ್ಕ ಸಹಪ್ರಯಾಣಿಕನ ಪ್ರಶ್ನೆ. ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಅಧ್ಯಾಪಕನಾಗಿದ್ದ ನಾನು ಮೊದಲ ಪ್ರಶ್ನೆಯನ್ನೇ ಕೇಳುತ್ತ ಬಂದವನು. ಎರಡನೆಯದರ ಬೆಲೆ ನನಗೆ ತಿಳಿದದ್ದು ನಿವೃತ್ತನಾಗಿ ಅಣಶಿಗೆ ಬಂದ ಮೇಲೆ. ಈ ಹದಿನೈದು ನಿಮಿಷಗಳಲ್ಲಿ ಆ ಸಂಗತಿಯನ್ನು ತಮ್ಮ ಮುಂದಿಡುವುದು ನನ್ನ ಉದ್ದೇಶ.

ಅಣಶಿ ಜೋಯಿಡಾ ತಾಲೂಕಿನ ಒಂದು ಸಣ್ಣ ಊರು. ಜೋಯಿಡಾದಿಂದ ಕುಂಬಾರವಾಡವನ್ನು ದಾಟಿ ಕಾರವಾರಕ್ಕೆ ಇಳಿಯುವ ಘಟ್ಟದ ರಸ್ತೆಯಲ್ಲಿ, ದಟ್ಟ ಕಾಡಿನ ನಡುವೆ ಇದೆ. 1987ರಲ್ಲಿ ಈ ಊರಿನ ಹೆಸರಿನಲ್ಲೇ ರಾಷ್ಟ್ರೀಯ ಉದ್ಯಾನ ಘೋಷಿತವಾಯಿತು. 2007ರಲ್ಲಿ ಅದು ದಾಂಡೇಲಿ ಅಭಯಾರಣ್ಯದೊಡನೆ ಕೂಡಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಿಂದ ಅದಕ್ಕೆ ಕಾಳಿ ನದಿಯ ಹೆಸರು. ಸುತ್ತಲಿನ ಕುಣಬಿ ಜನರ ಮನೆಮಾತು ಕೊಂಕಣಿ. ಕನ್ನಡವೇನಿದ್ದರೂ ಶಾಲೆಯ, ಕಚೇರಿಯ, ಬಸ್ಸಿನ ಮಾತು. ಮಗಳು ಇಲ್ಲಿ ಶಾಲಾಶಿಕ್ಷಕಿಯಾದ್ದರಿಂದ ಎರಡು ಟ್ರಂಕು ಪುಸ್ತಕಗಳೊಂದಿಗೆ ನಾನೂ ಬಂದು ಸೇರಿದೆ. ಇಂಥಲ್ಲಿ ಕಾದಂಬರಿಯ ಬಗ್ಗೆ ಮಾತನಾಡಲು ನನಗೆ ಯಾರು ಸಿಕ್ಕಾರು ಎಂಬ ಅಹಂಕಾರ ಆಗ ನನ್ನಲ್ಲಿತ್ತು ಎಂಬುದನ್ನು ಮುಚ್ಚಿಡಲಾರೆ.

ಆ ಅಹಂಕಾರ ಇಳಿದದ್ದು ಬಸ್ಸಿನಲ್ಲಿ. ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಕಂಡಕ್ಟರರು ಚೀಟಿ ಹರಿದು ಕೊಡುತ್ತ, ಎಲ್ಲಿಗೆ ಹೋಗಬೇಕು ಎಂದು ಕೇಳುವ ಧಾಟಿಯಲ್ಲೇ, ‘ಎಷ್ಟನೇ ಪುಟ ಸರ್?’ ಎಂದರು. ನಾನು ಹೇಳಿದೆ. ‘ಹಾಗಾದರೆ ನಾಗಪ್ಪನ ಕಷ್ಟ ಇನ್ನೂ ಬಹಳ ಇದೆ,’ ಎಂದು ಮುಂದಿನ ಸೀಟಿಗೆ ಹೋದರು. 1979ರಲ್ಲಿ ಬಂದ ಆ ಕಾದಂಬರಿಯ ನಾಯಕ ಮುಂಬಯಿಯ ದೊಡ್ಡ ಕಂಪನಿಯೊಂದರ ಅಧಿಕಾರಿ. ಕಾರಣ ತಿಳಿಯದೆ ಕೆಲಸದಿಂದ ಅಮಾನತ್ತಾದವನು. ಈ ಕಂಡಕ್ಟರರು ಹಿಂದೆ ಬೇರೊಂದು ಕೆಲಸದಲ್ಲಿದ್ದಾಗ ಹಾಗೆಯೇ ಮನೆಯಲ್ಲಿ ಕೂರಬೇಕಾಗಿ ಬಂದ ಎರಡು ತಿಂಗಳಲ್ಲಿ ಆ ಪುಸ್ತಕವನ್ನು ಓದಿದ್ದರಂತೆ. ಅಸ್ತಿತ್ವವಾದ, ಅನಾಥಪ್ರಜ್ಞೆ ಎಂದೆಲ್ಲ ನಾನು ಫಲಕದ ಮೇಲೆ ಬರೆಯುತ್ತಿದ್ದುದನ್ನು ಅವರು ‘ಆಗ ಅಂಚೆಯವರ ಸೈಕಲ್ ಗಂಟೆ ಕೇಳಿದರೆ ಹೊಟ್ಟೆಯಲ್ಲಿ ತಣ್ಣಗಾಗುತ್ತಿತ್ತು’ ಎಂಬ ಒಂದು ಮಾತಿನಲ್ಲಿ ಹೇಳಿ ಮುಗಿಸಿದರು.

ಅಲ್ಲಿಂದ ಮುಂದೆ ನಿಲ್ದಾಣದೆದುರಿನ ಚಹದಂಗಡಿಯಲ್ಲಿ ಒಂದು ವಹಿ ತೂಗತೊಡಗಿತು. ಅಂಗಡಿಯ ಒಡತಿಯೇ ಕ್ಯಾಲೆಂಡರಿನ ಪಕ್ಕದ ಮೊಳೆಗೆ ದಾರ ಕಟ್ಟಿ ತೂಗುಹಾಕಿದರು. ಅದರಲ್ಲಿ ನಾಲ್ಕೇ ಅಂಕಣ: ತಾರೀಖು, ಹೆಸರು, ಓದುತ್ತಿರುವ ಕಾದಂಬರಿ, ಪುಟ. ಅಭಿಪ್ರಾಯಕ್ಕೆ ಜಾಗವಿಲ್ಲ. ಬಿಡಬೇಕೆಂದು ಯೋಚಿಸಿ ಬಿಟ್ಟದ್ದಲ್ಲ, ಗೆರೆ ಎಳೆದ ಹುಡುಗಿಗೆ ಕಾಗದ ಸಾಲಲಿಲ್ಲ ಅಷ್ಟೆ. ಆದರೆ ಅದೇ ನಮ್ಮ ಭಾಗ್ಯವಾಯಿತೆಂದು ಈಗ ತೋರುತ್ತದೆ. ಅಭಿಪ್ರಾಯ ಬರೆಯಿರಿ ಎಂದಿದ್ದರೆ ನಮ್ಮ ಆರೇಳು ಮಂದಿಯಲ್ಲಿ ಬರೆಯುವವನು ನಾನೊಬ್ಬನೇ ಆಗುತ್ತಿದ್ದೆ.

ಪುಟದ ಸಂಖ್ಯೆ ಎಂಬುದು ಬಹು ನಿಷ್ಠುರವಾದ ವಸ್ತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕೃತಿಯನ್ನು ಕುರಿತು ನಾನು ಎಷ್ಟೋ ಸಲ ಉಪನ್ಯಾಸ ಮಾಡಿದ್ದೇನೆ. ವಾಸ್ತವವಾಗಿ ಅದರ ಮೂರನೆಯ ಒಂದು ಭಾಗವನ್ನೂ, ಉಳಿದುದಕ್ಕೆ ವಿಮರ್ಶಕರ ಲೇಖನಗಳನ್ನೂ ಓದಿದ್ದೆ. ವಹಿಯಲ್ಲಿ ನನ್ನ ಹೆಸರಿನ ಮುಂದೆ ಆ ಕಾದಂಬರಿಯ ಹೆಸರನ್ನು ಗಂಭೀರವಾಗಿ ಬರೆದು, ಪುಟದ ಅಂಕಣಕ್ಕೆ ಬಂದಾಗ ಲೇಖನಿ ನಿಂತಿತು. ಕೊನೆಗೆ 1 ಎಂದು ಬರೆದೆ. ಅರುವತ್ತು ದಾಟಿದ ಮೇಲೆ ನಾಯಿಗುತ್ತಿಯ ಹಿಂದೆ ನಾನು ಮೊದಲ ಬಾರಿಗೆ ಇಡೀ ಕಾಡು ಸುತ್ತಿದ್ದು ಹಾಗೆ. ಸಹೋದ್ಯೋಗಿಗಳ ಕೋಣೆಯಲ್ಲಿ ನಾವು ಎಂದೂ ಓದುತ್ತಿರುವ ಪುಸ್ತಕದ ಹೆಸರು ಹೇಳಿದವರಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗೆ ವಿಮರ್ಶಾಗ್ರಂಥದ ಹೊದಿಕೆ ಹಾಕಿ ಓದಿದವರು ನನ್ನೊಬ್ಬನನ್ನು ಬಿಟ್ಟು ಬೇರೆಯವರೂ ಇದ್ದಿರಬೇಕು.

ಅರ್ಧ ಓದಿದ್ದನ್ನು ಹಂಚಿಕೊಳ್ಳುವುದು ನಮ್ಮವರಿಗೆ ಹೊಸತೇನೂ ಅಲ್ಲ. ಜೈಮಿನಿ ಭಾರತವನ್ನು ರಾತ್ರಿಯಿಂದ ರಾತ್ರಿಗೆ ಓದಿಸಿ ಕೇಳುತ್ತಿದ್ದವರಿಗೆ ಕಥೆ ನಿಂತ ಜಾಗವೇ ಮರುದಿನದ ಮಾತಿನ ವಿಷಯ. ಕಾದಂಬರಿ ಬಂದ ಮೇಲೆ ಓದು ಒಂಟಿಯಾಯಿತು ಎನ್ನುತ್ತಾರೆ. ಅದು ಪೂರ್ತಿ ನಿಜವಲ್ಲ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರೆಂಬುದು ಪ್ರಸಿದ್ಧ. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ನಡೆಯಿತು. ಚಂದಾದಾರರಿಗೆಲ್ಲ ಅವೇ ಪುಸ್ತಕಗಳು ಸುಮಾರಾಗಿ ಒಂದೇ ಕಾಲಕ್ಕೆ ತಲುಪುತ್ತಿದ್ದುದರಿಂದ, ಒಬ್ಬರನ್ನೊಬ್ಬರು ಕಾಣದ ಊರುಗಳವರೂ ಒಂದೇ ಕಾದಂಬರಿಯೊಳಗೆ ಇರುತ್ತಿದ್ದರು. ಎಂ.ಎ. ವಿದ್ಯಾರ್ಥಿಯಾಗಿ ಸುಭಾಸ ರಸ್ತೆಯ ಆ ಪ್ರಸಿದ್ಧ ಅಟ್ಟದ ಮೆಟ್ಟಿಲನ್ನು ನಾನೂ ಅಂಜುತ್ತ ಹತ್ತಿದ್ದೇನೆ. ಅಲ್ಲಿ ಬಾಯಿ ತೆರೆಯುವ ಧೈರ್ಯ ಮಾತ್ರ ಬರಲಿಲ್ಲ.

ಇವೆಲ್ಲಕ್ಕಿಂತ ದೊಡ್ಡ ಕೂಟವೆಂದರೆ ವಾರಪತ್ರಿಕೆಗಳ ಧಾರಾವಾಹಿ. 1965ರಲ್ಲಿ ‘ಸುಧಾ’ ಆರಂಭವಾದಂದಿನಿಂದ ಎರಡು-ಮೂರು ದಶಕಗಳ ಕಾಲ, ಒಂದು ಊರಿನ ಓದುವವರೆಲ್ಲ ವಾರದ ಒಂದು ದಿನ ಒಂದೇ ಪ್ರಕರಣದ ಅಂಚಿನಲ್ಲಿ ನಿಂತಿರುತ್ತಿದ್ದರು. ಯಾರಿಗೂ ಮುಂದಿನದು ಗೊತ್ತಿಲ್ಲ. ಅಧ್ಯಾಪಕನಿಗೂ ಇಲ್ಲ, ನೀರು ಸೇದುವ ಗೃಹಿಣಿಗೂ ಇಲ್ಲ. ಓದಿನಲ್ಲಿ ಅಂಥ ಸಮಾನತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಾವಿಕಟ್ಟೆಯ ಮೇಲೆ ನಮ್ಮ ತಾಯಿ ಮತ್ತು ನೆರೆಯವರು, ಆ ನಾಯಕಿ ತವರಿಗೆ ಹೋಗಬೇಕೋ ಬೇಡವೋ ಎಂದು ಜಗಳಾಡುತ್ತಿದ್ದುದು ಸಾಹಿತ್ಯವಿಮರ್ಶೆಯಲ್ಲ ಎಂದು ನಾನು ಕಾಲೇಜಿನಲ್ಲಿ ಕಲಿತೆ. ಆ ಪಾಠವನ್ನು ಮರೆಯಲು ಅಣಶಿಯ ವಹಿ ಬೇಕಾಯಿತು.

ನಮ್ಮ ವಹಿಯಲ್ಲಿ ಹೆಸರು ಬರೆಯುವವರಲ್ಲಿ ಒಬ್ಬ ತರುಣ ಕಾಡಿನಲ್ಲಿ ದಿನಗೂಲಿಯ ವಾಚರ್. ಒಳಗಿನ ಮಜರೆಯೊಂದರ ಕುಣಬಿ. ಅವನು ಓದುವ ಕ್ರಮವೇ ವಿಶೇಷ. ಹಗಲು ಬಿಡುವಿನಲ್ಲಿ ಹತ್ತು ಪುಟ ಕನ್ನಡದಲ್ಲಿ ಓದುತ್ತಾನೆ. ರಾತ್ರಿ ಒಲೆಯ ಮುಂದೆ ಅದನ್ನು ಕೊಂಕಣಿಯಲ್ಲಿ ತಾಯಿಗೆ ಹೇಳುತ್ತಾನೆ. ಆಕೆಗೆ ಅಕ್ಷರವಿಲ್ಲ, ಕನ್ನಡವೂ ಅಷ್ಟಕ್ಕಷ್ಟೇ. ನಾನು ಅವನಿಗೆ ಶಿವರಾಮ ಕಾರಂತರ ‘ಬೆಟ್ಟದ ಜೀವ’ ಕೊಟ್ಟಿದ್ದೆ. 1943ರ ಆ ಕಾದಂಬರಿಯಲ್ಲಿ ಕುಮಾರಪರ್ವತದ ತಪ್ಪಲಿನ ಗೋಪಾಲಯ್ಯ ಕಾಡನ್ನು ಕಡಿದು ತೋಟ ಮಾಡಿದ ಮುದುಕ. ಮಗ ಮನೆ ಬಿಟ್ಟು ಹೋದ ದುಃಖವನ್ನು ನುಂಗಿಕೊಂಡು ಬದುಕುವವನು. ‘ಗೋಪಾಲಯ್ಯನ ಜೀವನೋತ್ಸಾಹವನ್ನು ಕುರಿತು ಪ್ರಬಂಧಿಸಿರಿ’ ಎಂಬ ಪ್ರಶ್ನೆಗೆ ಬರೆದ ಉತ್ತರಗಳಿಗೆ ನಾನು ಎಷ್ಟು ಅಂಕ ಹಂಚಿದ್ದೇನೋ ಲೆಕ್ಕವಿಲ್ಲ.

ಒಂದು ಬೆಳಿಗ್ಗೆ ಅವನು ಬಂದು, ‘ಸರ್, ನಮ್ಮ ಆಯಿ ಒಂದು ಮಾತು ಕೇಳಿದ್ದಾಳೆ. ಆ ಗೋಪಾಲಯ್ಯನ ಜಮೀನು ಮಾಲ್ಕಿಯದೋ, ಅತಿಕ್ರಮಣದ್ದೋ?’ ಎಂದ.

ಚಹದಂಗಡಿಯಲ್ಲಿದ್ದವರು ನಕ್ಕರು, ಅವನು ನಗಲಿಲ್ಲ. ಉತ್ತರ ಕನ್ನಡದ ಕಾಡಂಚಿನಲ್ಲಿ ಬದುಕುವವರಿಗೆ ಇದು ಹಾಸ್ಯದ ಪ್ರಶ್ನೆಯಲ್ಲ. ಗೋಪಾಲಯ್ಯ ಕಾಡು ಕಡಿಯುವಾಗ ಅವನನ್ನು ಯಾರೂ ಏಕೆ ತಡೆಯಲಿಲ್ಲ ಎಂಬುದು ಆ ತಾಯಿಗೆ ಇಡೀ ಕಥೆಯ ಕೀಲಿ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಒಂದು ವಾರ ಹಳೆಯ ಪುಸ್ತಕಗಳನ್ನು ತಿರುವಿದೆ. ಎರಡೂ ಕನ್ನಡ ಜಿಲ್ಲೆಗಳು ಒಂದು ಕಾಲಕ್ಕೆ ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. 1862ರಲ್ಲಿ ಉತ್ತರದ ಭಾಗ ಮುಂಬಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣದಲ್ಲಿ ವರ್ಗದ ಜಮೀನಿಗೆ ತಾಗಿದ ಸರ್ಕಾರಿ ಭೂಮಿಯ ಮೇಲೆ ರೈತನಿಗೆ ಸೊಪ್ಪು-ಸೌದೆಯ ಕುಮ್ಕಿ ಸವಲತ್ತು ಉಳಿಯಿತು. ಇತ್ತ ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ದೊರೆತರೆ, ಕುಣಬಿಗಳ ಕುಮರಿ ಬೇಸಾಯಕ್ಕೆ 19ನೆಯ ಶತಮಾನದಲ್ಲೇ ಅರಣ್ಯ ಇಲಾಖೆಯ ಕಡಿವಾಣ ಬಿತ್ತು. ಇದನ್ನೆಲ್ಲ ಅವನಿಗೆ ವಿವರಿಸಿದೆ. ಅವನು ತಾಯಿಗೆ ಹೇಳಿದ. ಮರುದಿನ ಆಕೆಯ ಮಾತು ಬಂತು: ‘ಹಾಗಾದರೆ ಅವನು ಪುಣ್ಯವಂತ. ಆದರೂ ಮಗ ಉಳಿಯಲಿಲ್ಲ.’

ಜಮೀನು ಉಳಿದರೂ ಮಗ ಉಳಿಯಲಿಲ್ಲ. ಕಾದಂಬರಿಯನ್ನು ಓದದ ಒಬ್ಬ ಹೆಂಗಸು, ಅರ್ಧ ಕಥೆಯನ್ನು ಇನ್ನೊಂದು ಭಾಷೆಯಲ್ಲಿ ಕೇಳಿ ಹೀಗೆಂದಳು. ಪೂರ್ತಿ ಓದಿ ಅದನ್ನು ಎಷ್ಟೋ ವರ್ಷ ಪಾಠ ಹೇಳಿದ ನಾನು ಆ ಎರಡನ್ನು ಎಂದೂ ಪಕ್ಕಪಕ್ಕದಲ್ಲಿಟ್ಟು ನೋಡಿರಲಿಲ್ಲ. ಇದಕ್ಕೆ ಕಾರಣ ಆಕೆಯ ಜಾಣ್ಮೆ ಮಾತ್ರವಲ್ಲ. ಕಾದಂಬರಿ ಇನ್ನೂ ಮುಗಿದಿರಲಿಲ್ಲ. ಮುಗಿದ ಕಾದಂಬರಿಯನ್ನು ನಾವು ಮುಚ್ಚಿದ ಬಾಗಿಲಿನಂತೆ ಹೊರಗೆ ನಿಂತು ವರ್ಣಿಸುತ್ತೇವೆ. ನಡುವಿನಲ್ಲಿರುವಾಗ ಬಾಗಿಲು ತೆರೆದಿರುತ್ತದೆ, ನಮ್ಮ ಮನೆಯ ಚಿಂತೆಗಳೂ ಅದರೊಳಗೆ ನಡೆದು ಹೋಗುತ್ತವೆ.

ಎಲ್ಲರಿಗೂ ಹಾಗೆ ಒಳಹೋಗುವುದು ಸಾಧ್ಯವೆಂದಲ್ಲ. ನಮ್ಮಲ್ಲೊಬ್ಬ ಹಿರಿಯರು ಸೂಪಾದಲ್ಲಿ ಹುಟ್ಟಿ ಬೆಳೆದವರು. ಕಾಳಿ-ಪಾಂಡರಿ ನದಿಗಳು ಕೂಡುವಲ್ಲಿದ್ದ ಆ ಊರು, 1987ರಲ್ಲಿ ಪೂರ್ಣಗೊಂಡ 101 ಮೀಟರ್ ಎತ್ತರದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು. ಎಷ್ಟೋ ಮನೆಗಳವರು ರಾಮನಗರಕ್ಕೆ ಹೋದರು. ಅವರಿಗೆ ನಾ. ಡಿಸೋಜರ ‘ದ್ವೀಪ’ವನ್ನು ಕೊಟ್ಟದ್ದು ನನ್ನ ಉತ್ಸಾಹ, ನನ್ನ ಅವಿವೇಕ ಕೂಡ. ಶರಾವತಿಯ ಯೋಜನೆಯಲ್ಲಿ ನೌಕರಿ ಮಾಡುತ್ತ ಮುಳುಗಡೆಯನ್ನು ಕಣ್ಣಾರೆ ಕಂಡ ಲೇಖಕರ ಕೃತಿ ಅದು. ಗಿರೀಶ ಕಾಸರವಳ್ಳಿಯವರು 2002ರಲ್ಲಿ ಅದನ್ನು ಚಲನಚಿತ್ರವಾಗಿಸಿದರು. ಗಣಪಯ್ಯ-ನಾಗವೇಣಿಯರ ಮನೆಯ ಸುತ್ತ ನೀರು ಏರುತ್ತ ಹೋಗುವ ಕಥೆ. ವಹಿಯಲ್ಲಿ ಆ ಹಿರಿಯರ ಹೆಸರಿನ ಮುಂದೆ ನಾಲ್ಕು ತಿಂಗಳು ಒಂದೇ ಸಂಖ್ಯೆ ಇತ್ತು: 38. ಪುಸ್ತಕ ಹಿಡಿಸಲಿಲ್ಲವೇ ಎಂದು ಕೇಳಿದೆ. ‘ಹಿಡಿಸಿದೆ. ನೀರು ಅಂಗಳಕ್ಕೆ ಬರುವ ಮೊದಲೇ ನಿಲ್ಲಿಸಿದ್ದೇನೆ,’ ಎಂದರು. ನಾನು ಆ ಮಾತನ್ನು ಮುಂದುವರಿಸಲಿಲ್ಲ. ಪುಸ್ತಕ ಇನ್ನೂ ಅವರಲ್ಲೇ ಇದೆ, ಕೇಳುವ ಮನಸ್ಸೂ ನನಗಿಲ್ಲ.

ಇಂಥ ಕೂಟ ನಡೆಸಬೇಕೆನ್ನುವವರು ನನ್ನನ್ನು ನಿಯಮಗಳೇನೆಂದು ಕೇಳುವುದುಂಟು. ಹೆಚ್ಚೇನೂ ಇಲ್ಲ. ಮುಂದೆ ಹೋದವನು ಹಿಂದಿರುವವನಿಗೆ ಕಥೆಯ ಕೊನೆಯನ್ನು ಹೇಳಕೂಡದು. ಕಥೆಯ ಸಾರಾಂಶಕ್ಕಿಂತ, ಎಲ್ಲಿ ನಿಂತಿರಿ, ಏಕೆ ನಿಂತಿರಿ ಎಂಬುದನ್ನು ಹೇಳಬೇಕು. ಒಂದು ಪುಟವನ್ನು ಗಟ್ಟಿಯಾಗಿ ಓದಿ ತೋರಿಸಿದರೆ ಮತ್ತೂ ಒಳ್ಳೆಯದು. ಬಿಟ್ಟುಬಿಟ್ಟ ಪುಸ್ತಕವನ್ನು ನಾಚಿಕೆಯಿಲ್ಲದೆ ಬಿಟ್ಟೆನೆಂದು ಬರೆಯಬೇಕು. ನನ್ನ ಹೆಸರಿನ ಮುಂದೆ ಅಂಥವು ಮೂರಿವೆ, ಅವುಗಳ ಲೇಖಕರ ಹೆಸರನ್ನು ಇಲ್ಲಿ ಹೇಳುವುದು ಉಚಿತವಲ್ಲ. ಪಟ್ಟಣಗಳಲ್ಲಿ ಇಂದು ತರುಣರು ಓದುತ್ತಿರುವ ಪುಸ್ತಕದ ಮುಖಪುಟವನ್ನು ಚಿತ್ರ ತೆಗೆದು ಗೆಳೆಯರಿಗೆಲ್ಲ ಕಳಿಸುತ್ತಾರೆ. ಅದನ್ನು ಹಳಿಯುವವರ ಸಾಲಿಗೆ ನಾನು ಸೇರಲಾರೆ. ಮುಖಪುಟದ ಜೊತೆಗೆ ಒಂದು ಪುಟಸಂಖ್ಯೆಯನ್ನೂ ಕಳಿಸಿದರೆ ಸಾಕು.

ಹುಲಿ ಸಂರಕ್ಷಿತ ಪ್ರದೇಶದ ಒಳಗಿನ ಕುಟುಂಬಗಳು ಒಪ್ಪಿಗೆಯಿಂದ, ಪರಿಹಾರ ಪಡೆದು ಹೊರಹೋಗುವ ಯೋಜನೆಯೊಂದಿರುವುದು ತಮಗೆ ತಿಳಿದಿರಬಹುದು. ಕೆಲವರು ಹೋಗುತ್ತಾರೆ, ಕೆಲವರು ಉಳಿಯುತ್ತಾರೆ. ಆಸ್ಪತ್ರೆ, ಶಾಲೆ, ರಸ್ತೆಗಳನ್ನು ನೆನೆದರೆ ಹೋಗುವವರನ್ನು ತಪ್ಪೆನ್ನಲಾಗದು. ಕಳೆದ ಬೇಸಗೆಯಲ್ಲಿ ನಮ್ಮ ವಾಚರನ ಮನೆಯವರೂ ಒಪ್ಪಿದರು. ಹೊರಡುವ ದಿನ ಅವನ ಕೈಯಲ್ಲಿ ಕಾರಂತರದೇ ‘ಮರಳಿ ಮಣ್ಣಿಗೆ’ ಇತ್ತು. ಅದನ್ನು ಹಿಂದಿರುಗಿಸಲು ಬಂದವನಿಗೆ, ಮುಗಿಯುವ ತನಕ ನಿನ್ನಲ್ಲೇ ಇರಲಿ ಎಂದೆ. ವಹಿಯಲ್ಲಿ ಅವನ ಕೊನೆಯ ಸಂಖ್ಯೆ 212 ಎಂದಿತ್ತು.

ಮಳೆ ಹಿಡಿದ ಮೇಲೆ, ಆಷಾಢದಲ್ಲಿ, ಕಂಡಕ್ಟರರು ಒಂದು ಮಡಿಸಿದ ಚೀಟಿ ತಂದುಕೊಟ್ಟರು. ಅವನ ಅಕ್ಷರ. ‘ಸರ್, ನಮಸ್ಕಾರ. ಮನೆಗೆ ಕರೆಂಟು ಇದೆ. ಬಸ್ಸು ಬಾಗಿಲಿಗೇ ಬರುತ್ತದೆ. ನಾನು 260ರಲ್ಲಿ ಇದ್ದೇನೆ. ಆಯಿಗೆ ಇನ್ನೂ ಹೇಳಲು ಶುರು ಮಾಡಿಲ್ಲ. ಇಲ್ಲಿ ಒಲೆಯ ಮುಂದೆ ಕೂರುವುದಿಲ್ಲ, ಗ್ಯಾಸು. ಅವಳೂ ಕೇಳುತ್ತಿಲ್ಲ.’

ಅಂಗಡಿಯ ಒಡತಿ ಚೀಟಿಯನ್ನು ನನ್ನಿಂದ ಓದಿಸಿಕೊಂಡರು. ಕೈ ಒರೆಸಿಕೊಂಡು ಮೊಳೆಯಿಂದ ವಹಿಯನ್ನು ಇಳಿಸಿ, ಅವನ ಹೆಸರು ಹುಡುಕಿ, ತಾರೀಖು ಹಾಕಿ, 260 ಎಂದು ಬರೆದರು.