ವಿದೇಶದಿಂದ ಆನ್‌ಲೈನ್ ಆರ್ಡರ್: 10 ಸಾವಿರದ ಸಾಮಾನು 17 ಸಾವಿರ ಆಗೋದು ಹೇಗೆ?

ಅಡಿಕೆ ಬೆಳೆಯೋ ನಮಗೆ ‘ಆಮದು ಸುಂಕ’ ಅನ್ನೋ ಮಾತು ಹೊಸದಲ್ಲ. ಹೊರದೇಶದ ಅಡಿಕೆ ಮೇಲೆ ಸಾಮಾನ್ಯ ಸುಂಕ ಶೇ. 100. ಕೆಜಿಗೆ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ 251 ರೂಪಾಯಿಂದ 351ಕ್ಕೆ ಏರಿಸಿದಾಗ ಶಿವಮೊಗ್ಗದ ಎಪಿಎಂಸಿ ಯಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಅದೇ ಸುದ್ದಿ. ಅಲ್ಲಿ ಸುಂಕ ನಮ್ಮನ್ನು ಕಾಯುತ್ತೆ. ಆದರೆ ನಾವು ಮೊಬೈಲ್‌ನಲ್ಲಿ ಹೊರದೇಶದ ವೆಬ್‌ಸೈಟ್ ತೆರೆದು ತೇವಾಂಶ ಮೀಟರ್, ಪ್ರೂನಿಂಗ್ ಕತ್ತರಿ, ಸ್ಪ್ರೇಯರ್ ಬಿಡಿಭಾಗ ಆರ್ಡರ್ ಮಾಡಿದರೆ ಸುಂಕ ಕಟ್ಟೋರು ನಾವೇ. ಪರದೆ ಮೇಲೆ ಕಾಣೋ ಬೆಲೆ ಅರ್ಧ ಕಥೆ ಮಾತ್ರ. ಉಳಿದರ್ಧ ಇಲ್ಲಿದೆ.

ಮೊದಲು ಸಾಗಣೆ ಖರ್ಚು

ಎಕ್ಸ್‌ಪ್ರೆಸ್ ಕೊರಿಯರ್‌ನವರು ತೂಕ ಮಾತ್ರ ನೋಡಲ್ಲ, ಡಬ್ಬದ ಗಾತ್ರವನ್ನೂ ನೋಡ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ. ಬಂದ ಅಂಕಿ ನಿಜವಾದ ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ಬಿಲ್. 50×40×30 ಸೆಂ.ಮೀ. ಡಬ್ಬದಲ್ಲಿ 3 ಕೆಜಿ ಸಾಮಾನು ಇದ್ದರೂ ಲೆಕ್ಕಕ್ಕೆ ಅದು 12 ಕೆಜಿ. ಹಾಗಾಗಿ ಹಗುರ ಆದರೆ ದೊಡ್ಡದಾದ ಸಾಮಾನು, ಅಂದರೆ ಪ್ರೋ ಟ್ರೇ, ನೆಟ್, ಪ್ಲಾಸ್ಟಿಕ್ ಕ್ಯಾನ್ ತರಹದ್ದನ್ನು ಹೊರಗಿನಿಂದ ತರಿಸೋದು ನಷ್ಟದ ಬಾಬತ್ತು.

ಬ್ಯಾಟರಿ ಇರೋ ಉಪಕರಣಕ್ಕೆ ಇನ್ನೊಂದು ತೊಡಕು. ಲಿಥಿಯಂ ಬ್ಯಾಟರಿ ವಿಮಾನ ಸಾಗಣೆಯಲ್ಲಿ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಅದಕ್ಕೆ ಬೇರೆ ಪ್ಯಾಕಿಂಗ್, ಬೇರೆ ಚಾರ್ಜ್. ಕೆಲವರು ಕಳಿಸೋದೇ ಇಲ್ಲ. ಜೊತೆಗೆ ಪೇಟೆಯಿಂದ ದೂರದ ಹಳ್ಳಿ ಪಿನ್‌ಕೋಡ್ ಇದ್ದರೆ ‘ದೂರದ ಪ್ರದೇಶ’ ಅಂತ ಹೆಚ್ಚುವರಿ ಶುಲ್ಕ ಬೀಳಬಹುದು. ಶಿವಮೊಗ್ಗ ಅಥವಾ ಭದ್ರಾವತಿ ಪೇಟೆಯಲ್ಲಿ ನೆಂಟರ ಮನೆ ಇದ್ದರೆ ಎರಡೂ ಪಿನ್‌ಕೋಡ್ ಹಾಕಿ ದರ ಹೋಲಿಸಿ ನೋಡಿ.

ಸುಂಕದ ಲೆಕ್ಕ: ಮೆಟ್ಟಿಲು ಮೆಟ್ಟಿಲಾಗಿ

ಕಸ್ಟಮ್ಸ್‌ನವರು ಸಾಮಾನಿನ ಬೆಲೆಗೆ ಸಾಗಣೆ ಮತ್ತು ವಿಮೆ ಸೇರಿಸಿ ಒಟ್ಟು ಮೌಲ್ಯ ಕಟ್ತಾರೆ. ಅದರ ಮೇಲೆ ಮೂಲ ಸುಂಕ. ಆ ಸುಂಕದ ಮೇಲೆ ಸಾಮಾನ್ಯವಾಗಿ ಶೇ. 10 ಸಮಾಜ ಕಲ್ಯಾಣ ಸರ್‌ಚಾರ್ಜ್, ಇದು 2018ರಲ್ಲಿ ಬಂದದ್ದು. ಇವೆಲ್ಲ ಕೂಡಿಸಿದ ಮೊತ್ತದ ಮೇಲೆ ಐಜಿಎಸ್‌ಟಿ. ಅಂದರೆ ತೆರಿಗೆ ಮೇಲೂ ತೆರಿಗೆ.

ಲೆಕ್ಕ ಅರ್ಥ ಆಗೋದಕ್ಕೆ ಮೂಲ ಸುಂಕ ಶೇ. 10, ಐಜಿಎಸ್‌ಟಿ ಶೇ. 18 ಅಂದುಕೊಳ್ಳಿ:

- ಮೀಟರ್ ಬೆಲೆ 10,000 + ಸಾಗಣೆ, ವಿಮೆ 2,000 = 12,000 ರೂ.
- ಮೂಲ ಸುಂಕ: 1,200 ರೂ.
- ಸರ್‌ಚಾರ್ಜ್ (1,200ರ ಶೇ. 10): 120 ರೂ.
- ಐಜಿಎಸ್‌ಟಿ (13,320ರ ಶೇ. 18): 2,397.60 ರೂ.
- ಒಟ್ಟು ತೆರಿಗೆ: 3,717.60 ರೂ.

ಇಲ್ಲಿಗೆ ಮುಗೀಲಿಲ್ಲ. ಕೊರಿಯರ್ ಕಂಪನಿ ನಿಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ತನ್ನದೇ ಸೇವಾ ಶುಲ್ಕ ಹಾಕುತ್ತೆ. 700 ರೂ. ಅಂದುಕೊಂಡರೆ ಜಿಎಸ್‌ಟಿ ಸೇರಿ 826. ನಿಮ್ಮ ಕಾರ್ಡ್ ವಿದೇಶಿ ವ್ಯವಹಾರಕ್ಕೆ ಶೇ. 3.5 ತಗೊಂಡರೆ ಜಿಎಸ್‌ಟಿ ಸೇರಿ 495.60. ಎಲ್ಲ ಕೂಡಿಸಿದರೆ 17,039 ರೂ. ಚಿಲ್ಲರೆ. ಜಿಎಸ್‌ಟಿ ನೋಂದಣಿ ಇರೋ ವ್ಯಾಪಾರಿ ಐಜಿಎಸ್‌ಟಿಯನ್ನು ಹೊಂದಾಣಿಕೆ ಮಾಡ್ಕೋತಾನೆ. ಬೆಳೆದದ್ದನ್ನು ಮಾತ್ರ ಮಾರೋ ರೈತನಿಗೆ ನೋಂದಣಿ ಕಡ್ಡಾಯ ಇಲ್ಲ, ಹಾಗಾಗಿ ನಮಗೆ ಆ ದುಡ್ಡು ವಾಪಸ್ ಬರಲ್ಲ.

ದರಗಳು ಬಜೆಟ್‌ನಿಂದ ಬಜೆಟ್‌ಗೆ ಬದಲಾಗ್ತವೆ. ಲೆಕ್ಕದ ಕ್ರಮ ಮಾತ್ರ ಇದೇ. ಆರ್ಡರ್ ಮಾಡೋ ದಿನದ ದರವನ್ನು ಕೇಂದ್ರ ಪರೋಕ್ಷ ತೆರಿಗೆ ಮತ್ತು ಸೀಮಾ ಸುಂಕ ಮಂಡಳಿಯ (ಸಿಬಿಐಸಿ) ವೆಬ್‌ಸೈಟ್‌ನಲ್ಲಿ ನೋಡಿ ಹಾಕಿಕೊಳ್ಳಿ.

‘ಸ್ವಂತ ಬಳಕೆ’ ಅಂದರೆ ತೋಟದ ಬಳಕೆ ಅಲ್ಲ

ಇದು ನಮ್ಮ ಹುಡುಗರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಮನೆ ಬಳಕೆಗೆ ತರಿಸೋರಿಗೆ ಆಮದು-ರಫ್ತು ಕೋಡ್, ಅಂದರೆ ಐಇಸಿ, ಬೇಡ. ಆದರೆ ನಿಯಮದಲ್ಲಿ ಆ ವಿನಾಯಿತಿ ವ್ಯಾಪಾರ, ತಯಾರಿಕೆ, ಕೃಷಿ ಇವುಗಳಿಗೆ ಸಂಬಂಧಪಡದ ಬಳಕೆಗೆ ಮಾತ್ರ ಅಂತ ಇದೆ. ತೋಟಕ್ಕೆ ಅಂತ ತರಿಸಿದರೆ ಐಇಸಿ ಬೇಕು. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ವೆಬ್‌ಸೈಟ್‌ನಲ್ಲಿ ಪಾನ್ ಮತ್ತು ಬ್ಯಾಂಕ್ ಖಾತೆ ಕೊಟ್ಟು 500 ರೂ. ಕಟ್ಟಿದರೆ ಸಿಗುತ್ತೆ. ವರ್ಷಕ್ಕೊಮ್ಮೆ ಏಪ್ರಿಲ್-ಜೂನ್‌ನಲ್ಲಿ ಅಪ್‌ಡೇಟ್ ಮಾಡಬೇಕು.

ಇದರಲ್ಲಿ ಲಾಭವೂ ಇರಬಹುದು. ‘ಸ್ವಂತ ಬಳಕೆ’ ಪಾರ್ಸೆಲ್‌ಗೆ ಒಂದೇ ಸಾಮಾನ್ಯ ದರ ಬೀಳುತ್ತೆ. ಐಇಸಿ ಮೇಲೆ ತರಿಸಿದರೆ ಆಯಾ ವಸ್ತುವಿನ ಕೋಡ್‌ಗೆ ತಕ್ಕ ದರ. ಕೈಯಿಂದ ಬಳಸೋ ಪ್ರೂನಿಂಗ್ ಕತ್ತರಿ, ಗುದ್ದಲಿ, ಕುಡುಗೋಲು 8201ನೇ ಶೀರ್ಷಿಕೆಗೆ ಬರ್ತವೆ, ಅವಕ್ಕೆ ಜಿಎಸ್‌ಟಿ ಇಲ್ಲ. ಅದಕ್ಕೇ ಇನ್ವಾಯ್ಸ್‌ನಲ್ಲಿ ವಸ್ತುವಿನ ಸರಿಯಾದ ಹೆಸರು, ಕೋಡ್ ಬರೆಸಿ. ‘ಟೂಲ್ಸ್’ ಅಂತ ಒಂದೇ ಪದ ಇದ್ದರೆ ಸಾಲದು.

‘ಗಿಫ್ಟ್ ಅಂತ ಬರೆದು ಕಳಿಸ್ತೀವಿ’ ಅಂದರೆ ಒಪ್ಪಬೇಡಿ

ಕೆಲವು ಮಾರಾಟಗಾರರು ತಾವೇ ಮುಂದೆ ಬಂದು ಹೀಗೆ ಹೇಳ್ತಾರೆ. ಹಿಂದೆ 5,000 ರೂ.ವರೆಗಿನ ಗಿಫ್ಟ್‌ಗೆ ಸುಂಕ ಇರಲಿಲ್ಲ. 2019ರ ಡಿಸೆಂಬರ್‌ನಿಂದ ರಾಖಿ ಮತ್ತು ಜೀವರಕ್ಷಕ ಔಷಧ ಬಿಟ್ಟು ಬೇರೆ ಯಾವುದಕ್ಕೂ ಆ ದಾರಿ ಇಲ್ಲ. ಅಮೆರಿಕದಲ್ಲಿರೋ ಅಣ್ಣ ಕಳಿಸಿದರೂ ಸುಂಕ ಸುಂಕವೇ. ಬೆಲೆ ಕಡಿಮೆ ತೋರಿಸಿ ಸಿಕ್ಕಿಬಿದ್ದರೆ 1962ರ ಕಸ್ಟಮ್ಸ್ ಕಾಯ್ದೆ ಪ್ರಕಾರ ಸಾಮಾನು ಜಪ್ತಿ, ಮೇಲೆ ದಂಡ. ದಂಡ ಬೀಳೋದು ಮಾರಿದವನ ಮೇಲಲ್ಲ, ತರಿಸಿಕೊಂಡವನ ಮೇಲೆ.

ದುಡ್ಡು ಕಟ್ಟಿದರೂ ಒಳಗೆ ಬರದ ಸಾಮಾನು

*ಡ್ರೋನ್:* ಅಡಿಕೆಗೆ ಔಷಧ ಹೊಡೆಯೋಕೆ ಆಳು ಸಿಗ್ತಿಲ್ಲ ಅಂತ ಹೊರಗಿನ ಡ್ರೋನ್ ನೋಡ್ತಿದ್ದೀರಾ? 2022ರ ಫೆಬ್ರವರಿ 9ರಿಂದ ಡ್ರೋನ್ ಆಮದು ನಿಷೇಧ. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ಅನುಮತಿ ಮೇಲೆ ತರಿಸಬಹುದು. ಬಿಡಿಭಾಗಕ್ಕೆ ಈ ನಿಷೇಧ ಇಲ್ಲ, ಆದರೆ ಪೂರ್ತಿ ಡ್ರೋನನ್ನು ಬಿಚ್ಚಿ ಕಿಟ್ ಮಾಡಿ ತರಿಸೋ ಹಾಗೂ ಇಲ್ಲ.

*ವೈರ್‌ಲೆಸ್ ಸೆನ್ಸರ್:* ಹೊರಗಿನ ಎಷ್ಟೋ ಲೋರಾ ಸೆನ್ಸರ್‌ಗಳು 915 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡ್ತವೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸೋಕೆ ಬಿಟ್ಟಿರೋದು 865-868. ವೈಫೈ, ಬ್ಲೂಟೂತ್ ಉಪಕರಣಗಳ ಆಮದಿಗೂ ದೂರಸಂಪರ್ಕ ಇಲಾಖೆಯ ಉಪಕರಣ ಅನುಮೋದನೆ (ಇಟಿಎ) ಕೇಳ್ತಾರೆ.

*ಬೀಜ, ಗಿಡ, ಜೈವಿಕ ಕಲ್ಚರ್:* 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಬೀಜ, ಗಿಡಕ್ಕೆ ಆಮದು ಪರವಾನಗಿ ಮತ್ತು ಕಳಿಸೋ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಸೂಕ್ಷ್ಮಾಣು ಕಲ್ಚರ್‌ಗೂ ಪರವಾನಗಿ ಬೇಕು. ‘ಬರೀ ಹತ್ತು ಬೀಜ ತಾನೆ’ ಅನ್ನಬೇಡಿ. ಸೈನಿಕ ಹುಳು (ಫಾಲ್ ಆರ್ಮಿವರ್ಮ್) ದೇಶದಲ್ಲೇ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ ನಮ್ಮ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ. ಅದು ಪಾರ್ಸೆಲ್‌ನಲ್ಲಿ ಬಂತು ಅಂತ ನಾನು ಹೇಳ್ತಿಲ್ಲ. ಹೊರಗಿನ ಒಂದು ಕೀಟ ನೆಲೆ ಊರಿದರೆ ಎಷ್ಟು ವರ್ಷ ಕಾಡುತ್ತೆ ಅನ್ನೋದು ಮೆಕ್ಕೆಜೋಳ ಬೆಳೆಯೋರಿಗೆ ಗೊತ್ತು. ಆರ್ಡರ್ ಮಾಡದೇ ಬೀಜದ ಪೊಟ್ಟಣ ಬಂದರೆ ಬಿತ್ತಬೇಡಿ, ಎಸೆಯಲೂಬೇಡಿ. ಕೃಷಿ ಇಲಾಖೆಗೆ ತಿಳಿಸಿ. 2020ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇಂಥ ಪೊಟ್ಟಣಗಳ ಬಗ್ಗೆ ಎಲ್ಲ ರಾಜ್ಯಗಳನ್ನು ಎಚ್ಚರಿಸಿತ್ತು.

‘ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿದೆ’ ಅನ್ನೋ ಫೋನ್

ಕೊರಿಯರ್‌ನವರು ಕೆವೈಸಿ ಕೇಳೋದು ನಿಜ. ಆದರೆ ಕಸ್ಟಮ್ಸ್ ಅಧಿಕಾರಿ ಫೋನ್ ಮಾಡಿ ಯಾರದೋ ಖಾತೆಗೆ ಅಥವಾ ಯುಪಿಐಗೆ ದುಡ್ಡು ಹಾಕಿ ಅನ್ನಲ್ಲ. ಇಲಾಖೆಯ ಪತ್ರಕ್ಕೆ ಡಿನ್ ಅನ್ನೋ ನಂಬರ್ ಇರುತ್ತೆ, ಅದನ್ನು ಸಿಬಿಐಸಿ ವೆಬ್‌ಸೈಟ್‌ನಲ್ಲಿ ಹಾಕಿ ಅಸಲಿಯೋ ನಕಲಿಯೋ ನೋಡಬಹುದು. ಟ್ರ್ಯಾಕಿಂಗ್ ನಂಬರನ್ನು ಕೊರಿಯರ್ ಆ್ಯಪ್‌ನಲ್ಲಿ ನೀವೇ ಹಾಕಿ ನೋಡಿ, ಬಂದ ಲಿಂಕ್ ಒತ್ತಬೇಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಆರ್ಡರ್ ಒತ್ತೋ ಮುಂಚೆ

1. ತೋರಿಸೋ ಬೆಲೆಯಲ್ಲಿ ಸುಂಕ ಸೇರಿದೆಯಾ (‘ಡಿಡಿಪಿ’), ಇಲ್ಲಾ ಬಾಗಿಲಲ್ಲಿ ಕಟ್ಟಬೇಕಾ, ಕೇಳಿ.
2. ಪ್ಯಾಕ್ ಮಾಡಿದ ಡಬ್ಬದ ಅಳತೆ ಕೇಳಿ.
3. ವಾಪಸ್ ಕಳಿಸಬೇಕಾದರೆ ಖರ್ಚು ಯಾರದ್ದು ಅಂತ ಬರಹದಲ್ಲಿ ತಗೊಳ್ಳಿ. ಕಟ್ಟಿದ ಸುಂಕ ಸುಲಭಕ್ಕೆ ವಾಪಸ್ ಬರಲ್ಲ.
4. ಕಾರ್ಡ್‌ನಲ್ಲಿ ವಿದೇಶಿ ವ್ಯವಹಾರ ಆನ್ ಮಾಡಿ, ಕೆಲಸ ಆದಮೇಲೆ ಆಫ್ ಮಾಡಿ.
5. ಪೂರ್ತಿ ಲೆಕ್ಕ ಹಾಕಿ, ಇಲ್ಲಿನ ಬೆಲೆ ಜೊತೆ ಹೋಲಿಸಿ.

ಐದನೆಯದು ಮುಖ್ಯ. ಬುಷ್, ಶಾಫ್ಟ್, ನಾಝಲ್ ಹೋಲ್ಡರ್ ತರಹದ ಬಿಡಿಭಾಗಕ್ಕೆ ಹೊರದೇಶದ ಸೈಟ್ ಹುಡುಕೋ ಮುಂಚೆ ಹಳೇ ಪೀಸ್ ಹಿಡ್ಕೊಂಡು ಮಾಚೇನಹಳ್ಳಿ ಕಡೆಗೋ, ಭದ್ರಾವತಿಯ ಲೇತ್ ವರ್ಕ್‌ಶಾಪಿಗೋ ಒಂದು ಸಲ ಹೋಗಿ ಬನ್ನಿ. ನೂರು ವರ್ಷದಿಂದ ಕಬ್ಬಿಣದ ಕೆಲಸ ನೋಡಿದ ಊರದು. ಟ್ರೈಕೋಡರ್ಮಾದಂಥ ಕಲ್ಚರ್‌ಗೆ ನವಿಲೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ. ಇಲ್ಲಿ ಸಿಗದ, ನಿಜಕ್ಕೂ ಬೇಕಾದ ಸಾಮಾನಾದರೆ ಧೈರ್ಯವಾಗಿ ತರಿಸಿ. 10 ಸಾವಿರ ಅಂತ ಅಲ್ಲ, 17 ಸಾವಿರ ಅಂತ ಲೆಕ್ಕ ಇಟ್ಟುಕೊಂಡು ತರಿಸಿ.