ಹೃದಯ ಬದಲಿಸಿದ ಡಾಕ್ಟರ ಕಾದಂಬರಿ, ನನ್ನ ಕರಡು ಪುಸ್ತಕ

ಕಳೆದ ಮಳೆಗಾಲದ ಒಂದು ಸಂಜೆ. ಬೈಂದೂರಿನ ನಮ್ಮ ಮನೆಯಲ್ಲಿ ಕರೆಂಟು ಹೋಗಿತ್ತು. ಏಳನೇ ತರಗತಿಯ ಮೊಮ್ಮಗ ವಿಜ್ಞಾನದ ಪುಸ್ತಕ ಮುಚ್ಚಿಟ್ಟು ಕೇಳಿದ: “ಅಜ್ಜಯ್ಯ, ಹೃದಯ ಬದಲ್ ಮಾಡ್ರೆ ಅವ್ರಿಗೆ ಮನೆಯವ್ರ್ ನೆನ್ಪ್ ಇರತ್ತಾ?”

“ನೆನಪಿರುವುದು ಮಿದುಳಲ್ಲಿ ಮಗಾ. ಹೃದಯ ಒಂದು ಪಂಪು ಅಷ್ಟೆ” ಎಂದೆ. ಉತ್ತರ ಸರಿಯೇ. ಆದರೆ ಅವನಿಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಹಾಗಾಗಿ ಡಾಕ್ಟರ್ ಬರ್ನಾರ್ಡ್ ಕಥೆ ತೆಗೆದೆ.

1967ರ ಡಿಸೆಂಬರ್. ನನಗಾಗ ಹತ್ತು ವರ್ಷ. ಪೇಟೆಯ ಅಂಗಡಿಯ ರೇಡಿಯೊ ಮುಂದೆ ದೊಡ್ಡವರೆಲ್ಲ ಗುಂಪುಗೂಡಿದ್ದರು. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ, ಗ್ರೂಟ್ ಶೂರ್ ಎಂಬ ಆಸ್ಪತ್ರೆಯಲ್ಲಿ, ಒಬ್ಬರ ಹೃದಯ ತೆಗೆದು ಇನ್ನೊಬ್ಬರಿಗೆ ಇಟ್ಟಿದ್ದಾರಂತೆ! ಆ ಡಾಕ್ಟರೇ ಕ್ರಿಶ್ಚಿಯನ್ ಬರ್ನಾರ್ಡ್. ಹೃದಯ ಪಡೆದವರು ಲೂಯಿಸ್ ವಾಶ್‌ಕಾನ್ಸ್ಕಿ ಎಂಬ ದಿನಸಿ ವ್ಯಾಪಾರಿ. ಕೊಟ್ಟವಳು ಡೆನಿಸ್ ಡಾರ್ವಲ್, 25ರ ಹುಡುಗಿ. ಅಮ್ಮನೊಂದಿಗೆ ಕೇಕ್ ತರಲು ಹೋದವಳಿಗೆ ಕಾರು ಬಡಿದಿತ್ತು. ಅಮ್ಮ ಅಲ್ಲೇ ತೀರಿಹೋಗಿದ್ದರು. ಒಂದೇ ದಿನ ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡ ಆ ತಂದೆ ಕೆಲವೇ ನಿಮಿಷ ಯೋಚಿಸಿ ‘ಆಗಲಿ’ ಎಂದರು.

ವಾಶ್‌ಕಾನ್ಸ್ಕಿ ಬದುಕಿದ್ದು 18 ದಿನ. ಹೊಸ ಹೃದಯ ಚೆನ್ನಾಗಿಯೇ ಬಡಿಯುತ್ತಿತ್ತು, ಅವರನ್ನು ಕೊಂದದ್ದು ನ್ಯುಮೋನಿಯಾ. ಮಕ್ಕಳೇ, ನಮ್ಮ ಮೈಯೊಳಗೆ ಕಾವಲುಗಾರರಿದ್ದಾರೆ. ಹೊರಗಿನಿಂದ ಬಂದ ಅಂಗವನ್ನೂ ಅವರು ಕಳ್ಳನೆಂದೇ ತಿಳಿದು ಹೊಡೆಯುತ್ತಾರೆ. ಆ ಹೊಡೆತ ತಪ್ಪಿಸಲು ಔಷಧಿ ಕೊಟ್ಟು ಅವರನ್ನು ಮಂಪರಿಗೆ ತಳ್ಳಬೇಕು. ಆಗ ನಿಜವಾದ ಕಳ್ಳ, ಅಂದರೆ ರೋಗಾಣು, ಸಲೀಸಾಗಿ ಒಳಗೆ ಬರುತ್ತಾನೆ.

ಡೆನಿಸ್‌ಳ ಒಂದು ಮೂತ್ರಪಿಂಡವನ್ನು ಹತ್ತು ವರ್ಷದ ಹುಡುಗನೊಬ್ಬನಿಗೆ ಇಟ್ಟರು. ಅವಳು ಬಿಳಿಯಳು, ಅವನು ಬಿಳಿಯನಲ್ಲ. ಬಣ್ಣ ನೋಡಿ ಜನರನ್ನು ಬೇರೆ ಬೇರೆ ಇಡುವ ಕಾನೂನಿದ್ದ ದೇಶ ಅದು. ಅದಕ್ಕೆ ಅಲ್ಲಿ ಕೆಲವರು ಗಲಾಟೆಯೆಬ್ಬಿಸಿದರು. ಮೂತ್ರಪಿಂಡ ಮಾತ್ರ ಬಣ್ಣ ಕೇಳಲಿಲ್ಲ.

ಈ ಬರ್ನಾರ್ಡ್ ಆಮೇಲೆ ಕಾದಂಬರಿ ಬರೆದರು. 1974ರಲ್ಲಿ ಬಂದ ‘ದಿ ಅನ್‌ವಾಂಟೆಡ್’ನಲ್ಲಿ ಆಸ್ಪತ್ರೆಯೂ ಇದೆ, ವರ್ಣಭೇದವೂ ಇದೆ. ಸೀಗ್‌ಫ್ರೀಡ್ ಸ್ಟ್ಯಾಂಡರ್ ಎಂಬ ಲೇಖಕರ ಜತೆ ಸೇರಿ ಬರೆದದ್ದು. “ಹಂಗಾರೆ ಅರ್ಧ ಮಾರ್ಕ್” ಅಂದ ಮೊಮ್ಮಗ. ಇರಲಿ. 1996ರಲ್ಲಿ ಅಂಗದಾನವನ್ನೇ ವಸ್ತುವಾಗಿಟ್ಟುಕೊಂಡು ‘ದಿ ಡೋನರ್’ ಕೂಡ ಬಂತು. ಅವರ ಕೈಬೆರಳುಗಳಿಗೆ ಸಂಧಿವಾತ. ಅದು ಗೊತ್ತಾದದ್ದು 1956ರಲ್ಲೇ, ಆ ದೊಡ್ಡ ಶಸ್ತ್ರಚಿಕಿತ್ಸೆಗೂ ಮೊದಲು. ನೋಯುವ ಆ ಕೈಗಳಲ್ಲೇ ಅಷ್ಟೆಲ್ಲ ಮಾಡಿ 1983ರಲ್ಲಿ ಚಾಕು ಕೆಳಗಿಟ್ಟರು.

ಆತ್ಮಕಥೆ ಬರೆದಾಗಿತ್ತಲ್ಲ, ಮತ್ತೆ ಕಾದಂಬರಿ ಏಕೆ? ಕೀರ್ತಿಯ ಆಸೆ ಅವರಿಗೆ ಇದ್ದದ್ದು ನಿಜ. ಆದರೆ ನನಗೆ ಕಾಣುವುದು ಬೇರೆ. ರೋಗಿಯ ಫೈಲಿನಲ್ಲಿ ಜ್ವರ, ನಾಡಿ, ಔಷಧಿ ಬರೆಯಬಹುದು. ‘ನನಗೆ ಹೆದರಿಕೆಯಾಯಿತು’ ಎಂದು ಬರೆಯಲು ಅಲ್ಲಿ ಗೆರೆಯೇ ಇಲ್ಲ. ಕಾದಂಬರಿಯಲ್ಲಿ ಇದೆ. ನಮ್ಮ ಅನುಪಮಾ ನಿರಂಜನ ಅವರೂ ಡಾಕ್ಟರೇ, ಘಟ್ಟದ ಮೇಲಿನ ತೀರ್ಥಹಳ್ಳಿಯಲ್ಲಿ ಹುಟ್ಟಿದವರು. ಕಾದಂಬರಿ ಬರೆದರು, ಮಕ್ಕಳಿಗೆ ‘ದಿನಕ್ಕೊಂದು ಕಥೆ’ ಕೊಟ್ಟರು. ನಮ್ಮ ಮನೆಯಲ್ಲಿ ಅದರ ಪುಟಗಳು ಸವೆದುಹೋಗಿವೆ.

ಶಸ್ತ್ರಚಿಕಿತ್ಸೆಯಲ್ಲಿ ಕೊಯ್ದದ್ದು ಕೊಯ್ದದ್ದೇ. ಕೈಬರಹದ ಕರಡಿನಲ್ಲಾದರೆ ಹೊಡೆದುಹಾಕಬಹುದು, ಬದಿಯಲ್ಲಿ ಮತ್ತೆ ಬರೆಯಬಹುದು. ಹೊಡೆದುಹಾಕಿದ್ದೂ ಕಾಗದದ ಮೇಲೆ ಉಳಿದಿರುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ಕಪಾಟಿನ ಕರಡು ಪುಸ್ತಕದ ವಿಷಯವನ್ನೂ ಹೇಳಬೇಕಾಯಿತು.

1989ರಲ್ಲಿ ನನ್ನ ತಮ್ಮನ ಎರಡೂ ಮೂತ್ರಪಿಂಡ ಕೆಟ್ಟವು. ವೆಲ್ಲೂರಿನಲ್ಲಿ ಮೂತ್ರಪಿಂಡ ಕಸಿ ಯಶಸ್ವಿಯಾಗಿ, 1971ರಿಂದ ಲೆಕ್ಕ ಹಾಕಿದರೆ, ಆಗಲೇ 18 ವರ್ಷ. ಆದರೂ ನಮ್ಮೂರಿಗೆ ಅದು ಭಯದ ಮಾತು. ಪರೀಕ್ಷೆ ಮಾಡಿದಾಗ ನನ್ನದೂ ಹೊಂದುತ್ತಿತ್ತು, ಅಮ್ಮನದೂ ಹೊಂದುತ್ತಿತ್ತು. ಡಾಕ್ಟರು ಇಬ್ಬರ ಮುಖ ನೋಡಿದರು. ನಾನು ನೆಲ ನೋಡಿದೆ. “ಅವನಿಗೆ ಸಣ್ಣ ಮಕ್ಳ್ ಇತ್. ನಾನ್ ಕೊಡ್ತೆ” ಅಂದಳು ಅಮ್ಮ. ನನಗೆ ಆಗ ಆದದ್ದು ದುಃಖವಲ್ಲ, ನಿರಾಳ. ಮೂವತ್ತೈದು ವರ್ಷ ಯಾರಿಗೂ ಹೇಳಿರಲಿಲ್ಲ.

ತಮ್ಮ 14 ವರ್ಷ ಬದುಕಿದ. ಅಮ್ಮ ಒಂದೇ ಮೂತ್ರಪಿಂಡದಲ್ಲಿ ಗದ್ದೆ ನೆಟ್ಟಿ ಮಾಡಿಕೊಂಡು 81 ದಾಟಿದಳು. ಕೊಡುವವರು ಆರೋಗ್ಯವಂತರಾಗಿದ್ದರೆ ಒಂದೇ ಸಾಕಾಗುತ್ತದೆ. ತಮ್ಮನ ಹಳೆಯ ಎರಡನ್ನು ತೆಗೆಯಲೇ ಇಲ್ಲ, ಅಮ್ಮನದನ್ನು ಕಿಬ್ಬೊಟ್ಟೆಯಲ್ಲಿ ಇಟ್ಟರು. “ಅಂದ್ರೆ ಚಿಕ್ಕಜ್ಜಯ್ಯನಿಗೆ ಮೂರಾ!” ಎಂದು ಮೊಮ್ಮಗ ಕುಣಿದ.

ಕರೆಂಟು ಬಂತು. ಅವನೇ ಕಪಾಟು ತೆಗೆದು ಪುಸ್ತಕ ತಂದ. ‘ನನ್ನ ಅಮ್ಮ ಧೈರ್ಯವಂತೆ’ – ಹೊಡೆದಿದ್ದೇನೆ. ‘ತ್ಯಾಗಮಯಿ’ – ಅದನ್ನೂ. ‘ನಾನೇ ಕೊಡುವವನಿದ್ದೆ’ – ಎರಡು ಗೆರೆ ಎಳೆದು ಹೊಡೆದಿದ್ದೇನೆ. ಅವನು ಆ ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ. ಏನೂ ಕೇಳಲಿಲ್ಲ. ಪುಟ ತಿರುಗಿಸಿ, ಗೆರೆ ಬೀಳದ ಒಂದೇ ಸಾಲನ್ನು ಗಟ್ಟಿಯಾಗಿ ಓದಿದ. ಥಿಯೇಟರಿನ ಬಾಗಿಲಲ್ಲಿ ಸ್ಟ್ರೆಚರ್ ಮೇಲೆ ಮಲಗಿದ್ದ ಅಮ್ಮ ನನ್ನ ಕೈ ಹಿಡಿದು ಕೇಳಿದ್ದು:

“ಗಂಗೆಗ್ ಹುಲ್ಲ್ ಹಾಕೂಕ್ ಹೇಳಿ ಬಂದಿದ್ಯಾ?”

ಗಂಗೆ ನಮ್ಮ ದನ.